ಹಳೆಯ ದಕ್ಕೆಯ ಎಣಿಕೆ

ಅಕ್ಕ ಬಂದಾಗ ತಂಗಿ ಒಂದು ಕೆಳದವಡೆಯ ಸೆಟ್ಟಿಗೆ ಮೇಣದ ಮೇಲೆ ಹಲ್ಲು ಕೂರಿಸುತ್ತಿದ್ದಳು. ಹದಿನಾಲ್ಕರಲ್ಲಿ ಒಂಬತ್ತು ಕೂತಿದ್ದವು. ಹತ್ತನೆಯದನ್ನು ಚಿಮಟದಲ್ಲಿ ಹಿಡಿದು, ಸಣ್ಣ ಚಾಕುವನ್ನು ದೀಪದ ಉರಿಗೆ ಒಡ್ಡಿದ್ದಾಗ ಬಾಗಿಲು ದಢಾರನೆ ತೆರೆಯಿತು. ಹಾಗೆ ಬಾಗಿಲು ತೆರೆಯುವವರು ಊರಲ್ಲಿ ಒಬ್ಬರೇ.

“ಬಾ ಅಕ್ಕಾ. ಆ ಸ್ಟೂಲ್ ಮೇಲೆ ಕೂತ್ಕೋಬೇಡ, ಪ್ಲಾಸ್ಟರ್ ಇನ್ನೂ ಹಸಿ ಇದೆ.”

ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಆ ಉದ್ದನೆಯ ಕೋಣೆಯಲ್ಲಿ ಅವಳು ಇಪ್ಪತ್ತೆರಡು ವರ್ಷದಿಂದ ಹಲ್ಲಿನ ಸೆಟ್ಟುಗಳನ್ನು ಮಾಡುತ್ತ ಬಂದಿದ್ದಳು. ಗೋಡೆಯುದ್ದಕ್ಕೂ ಹಲಗೆ, ಹಲಗೆಯ ಮೇಲೆ ಪ್ಲಾಸ್ಟರಿನ ದವಡೆಗಳ ಸಾಲು, ಒಂದೊಂದಕ್ಕೂ ಒಂದೊಂದು ಚೀಟಿ. ಊರಿನ ಅರ್ಧ ಜನರ ಬಾಯಿ ಅವಳಿಗೆ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ನಾವು ಬಿಳಿ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ಬಣ್ಣದಲ್ಲಿ ಅವಳಿಗೆ ಹದಿನಾರು ಬಣ್ಣ ಕಾಣುತ್ತಿದ್ದವು: ಸಿಗರೇಟು ಸೇದುವವರ ಬಿಳಿ, ಚಹಾ ಕುಡಿಯುವವರ ಬಿಳಿ, ಎಪ್ಪತ್ತಾದರೂ ಹುಡುಗರ ಹಲ್ಲೇ ಬೇಕೆಂದು ಹಟ ಹಿಡಿಯುವವರ ಬಿಳಿ.

“ಭಾನುವಾರ ಏನ್ ಮಾಡ್ತೀಯ?” ಅಕ್ಕ ನಿಂತೇ ಕೇಳಿದಳು.

“ಮಲಗ್ತೀನಿ.”

“ಅದನ್ನ ಯಾವಾಗಲಾದ್ರೂ ಮಾಡಬಹುದು. ನಿಮ್ಮ ಭಾವನ ಜೊತೆ ಹಳೇ ದಕ್ಕೆಗೆ ಹೋಗು, ಹಕ್ಕಿ ನೋಡೋಕೆ. ನಿನಗೆ ಕಲಿಯೋ ಆಸೆ ಇದೆ ಅಂತ ಅವರಿಗೆ ಹೇಳಿಯೂ ಆಗಿದೆ.”

“ನನಗಾ? ಕಾಗೆ, ಗುಬ್ಬಿ, ಪಾರಿವಾಳ. ಅಲ್ಲಿಗೆ ನನ್ನ ವಿದ್ಯೆ ಮುಗೀತು.”

“ಅದಕ್ಕೇ ಕಲೀಬೇಕು ಅನ್ನೋದು. ಹೋದ ವಾರ ಮೊಣಕಾಲ ತನಕ ಕೆಸರು ಮಾಡ್ಕೊಂಡು ಬಂದ್ರು. ಅಂಗೈಯೆಲ್ಲ ತರಚಿತ್ತು. ಕೇಳಿದ್ರೆ ಮೆಟ್ಟಿಲು ಜಾರ್ತು ಅಂತಾರೆ. ಮೂವತ್ತು ವರ್ಷ ಲಾಂಚ್ ಓಡಿಸಿದ ಮನುಷ್ಯನಿಗೆ ದಕ್ಕೆಯ ಮೆಟ್ಟಿಲು ಜಾರುತ್ತಾ?”

“ಮತ್ತೆ ನೀನೇ ಹೋಗು.”

“ನನ್ನ ಕರ್ಕೊಂಡು ಹೋಗಲ್ಲ. ನಾನು ಮಾತಾಡ್ತೀನಂತೆ, ಹಕ್ಕಿ ಹಾರಿಹೋಗ್ತವಂತೆ.”

ಅದರಲ್ಲಿ ಸುಳ್ಳೇನಿರಲಿಲ್ಲ. ಚಾಕು ಆರಿಹೋಗಿತ್ತು. ಅದನ್ನು ಮತ್ತೆ ಉರಿಗೆ ಹಿಡಿಯುತ್ತ, “ಎಷ್ಟು ಹೊತ್ತಿಗೆ?” ಎಂದಳು.

ಅವಳಿಗೆ ಆಗ ನಲವತ್ತೇಳು. ಒಂದು ಕಾಲದಲ್ಲಿ ಮದುವೆಯಾಗಿತ್ತು; ಎರಡು ವರ್ಷ ನಡೆದು, ದೊಡ್ಡ ಜಗಳವೂ ಇಲ್ಲದೆ ಮುಗಿದಿತ್ತು. ಕ್ಲಿನಿಕ್ಕಿನಿಂದ ನಾಲ್ಕು ಬೀದಿ ಆಚೆ, ಎರಡನೆಯ ಮಹಡಿಯಲ್ಲಿ ಒಬ್ಬಳೇ ಇದ್ದಳು. ಭಾನುವಾರಗಳಿಗೆ ಅವಳ ಬಳಿ ಅಂಥ ಉಪಯೋಗವೇನೂ ಇರಲಿಲ್ಲ.

ಸೆಕೆ ಇಳಿದು, ಬೆಳಗಿನ ಹೊತ್ತು ಹೆಗಲಿಗೊಂದು ಶಾಲು ಬೇಕೆನಿಸುವ ದಿನಗಳು ಶುರುವಾಗಿದ್ದವು. ಬಸ್ಸಿನ ಕೊನೆಯ ನಿಲ್ದಾಣದಲ್ಲಿ ಇಳಿದು, ಬಾಗಿಲು ಮುಚ್ಚಿದ ಮಂಜುಗಡ್ಡೆ ಕಾರ್ಖಾನೆಯ ಗೋಡೆಯ ಪಕ್ಕದಲ್ಲೇ ನಡೆದರೆ ಹೊಳೆ ಕಡಲು ಸೇರುವ ಅಳಿವೆಯ ಬಾಯಿ. ಅಲ್ಲೇ ಹಳೆಯ ದಕ್ಕೆ, ಲಾಂಚು ಬಂದು ನಿಲ್ಲುತ್ತಿದ್ದ ಕಟ್ಟೆ. ಲಾಂಚುಗಳು ಹೊಸ ಸೇತುವೆ ಬಂದ ಮೇಲೆ ನಿಂತುಹೋಗಿ, ದಕ್ಕೆಯ ಕಾಂಕ್ರೀಟು ಅಲ್ಲಲ್ಲಿ ಕಿತ್ತು ಕಂಬಿ ತೋರುತ್ತಿತ್ತು. ಇಳಿತದ ಹೊತ್ತಿನಲ್ಲಿ ನೀರು ದೂರ ಸರಿದು, ಕಣ್ಣು ಹಾಯುವಷ್ಟು ದೂರವೂ ಕೆಸರು ಬಯಲು. ಭಾವ ಆ ಬಯಲನ್ನು ಹತ್ತೊಂಬತ್ತು ವರ್ಷದಿಂದ ನೋಡುತ್ತಿದ್ದರು. ವರ್ಷಕ್ಕೆ ಹತ್ತು ಹನ್ನೆರಡು ಭಾನುವಾರ, ದೂರದ ಚಳಿನಾಡುಗಳಿಂದ ಹಕ್ಕಿಗಳು ಇಳಿದು ಬರುವ ಕಾಲದಲ್ಲಿ, ಅವುಗಳನ್ನು ಜಾತಿವಾರು ಎಣಿಸಿ, ಹಾಳೆಯಲ್ಲಿ ತುಂಬಿ, ಎಣಿಕೆಯ ಕಚೇರಿಗೆ ಕಳಿಸುವುದು ಅವರ ಕೆಲಸ. ಸಂಬಳದ ಕೆಲಸವಲ್ಲ, ಲಾಂಚು ಓಡಿಸುತ್ತಿದ್ದ ಕಾಲದಲ್ಲಿ ಅಂಟಿಕೊಂಡ ಹುಚ್ಚು.

“ಬಂದ್ಯಾ ಹಲ್ಲಮ್ಮ?” ಎಂದರು ಭಾವ. ಅವಳಿಗೆ ಆ ಹೆಸರಿಟ್ಟವರೇ ಅವರು. “ನಿಮ್ಮಕ್ಕ ಕಾವಲಿಗೆ ಕಳಿಸಿದ್ಲು ತಾನೇ?”

“ಛೇ, ಕಲಿಯೋಕೆ ಬಂದೆ ಭಾವ.”

“ಹಾಗಿದ್ರೆ ಸರಿ, ನೋಡು.” ಮೂರು ಕಾಲಿನ ದುರ್ಬೀನನ್ನು ಅವಳ ಕಡೆ ತಿರುಗಿಸಿದರು. “ಏನು ಕಾಣುತ್ತೆ?”

ಅವಳು ಬಗ್ಗಿ ಒಂದು ಕಣ್ಣು ಮುಚ್ಚಿ ನೋಡಿದಳು. ಕೆಸರಿನ ಮೇಲೆ ಕೆಸರಿನ ಬಣ್ಣದ್ದೇ ಏನೇನೋ ಓಡಾಡುತ್ತಿದ್ದವು.

“ಕಂದು ಹಕ್ಕಿಗಳು.”

“ಎಷ್ಟು ಜಾತಿ?”

“ಒಂದೇ.”

“ಏಳು,” ಎಂದರು ಭಾವ ಸಮಾಧಾನವಾಗಿ. “ಬಣ್ಣ ನೋಡಬೇಡ. ಈ ಕಾಲದಲ್ಲಿ ಬಣ್ಣದಷ್ಟು ಮೋಸ ಮಾಡೋದು ಯಾವುದೂ ಇಲ್ಲ. ನಡಿಗೆ ನೋಡು.”

ಬಣ್ಣ ನೋಡಿಯೇ ಅನ್ನ ತಿನ್ನುವವಳಿಗೆ ಈ ಮಾತು ಒಂದಿಷ್ಟು ಚುರುಕ್ಕೆಂದಿತು. ಆದರೂ ನಡಿಗೆ ನೋಡಿದಳು. ಒಂದಿಷ್ಟು ಹಕ್ಕಿಗಳು ತಲೆ ತಗ್ಗಿಸಿ ಹೊಲಿಗೆ ಯಂತ್ರದ ಸೂಜಿಯ ಹಾಗೆ ಕೆಸರನ್ನು ಚುಚ್ಚುತ್ತಲೇ ಹೋಗುತ್ತಿದ್ದವು. ಬೇರೆ ಕೆಲವು ನಾಲ್ಕು ಹೆಜ್ಜೆ ಓಡಿ, ಏನೋ ಮರೆತವರಂತೆ ಗಕ್ಕನೆ ನಿಂತು, ಮತ್ತೆ ನಾಲ್ಕು ಹೆಜ್ಜೆ ಓಡುತ್ತಿದ್ದವು. ನೀರಿನ ಅಂಚಿನಲ್ಲಿ ಒಂದು ಗುಂಪು ಅಲೆ ಹಿಂದೆ ಸರಿದರೆ ಅದರ ಬೆನ್ನು ಹತ್ತಿ, ಅಲೆ ತಿರುಗಿದರೆ ಕಾಲಿಗೆ ಬುದ್ಧಿ ಹೇಳುತ್ತಿತ್ತು. ಅವಳಿಗೆ ನಗು ಬಂತು.

“ಅದು ಓಡುಗಾಲಿ,” ಎಂದರು ಭಾವ, ಅವಳು ನಕ್ಕಿದ್ದು ಕೇಳಿಯೇ. ಪುಸ್ತಕದಲ್ಲಿ ಆ ಹಕ್ಕಿಗಳಿಗೆ ಬೇರೆ ಉದ್ದುದ್ದ ಹೆಸರುಗಳಿದ್ದವು. ಭಾವ ಮಾತ್ರ ಮನೆಮಕ್ಕಳನ್ನು ಕರೆಯುವ ಹಾಗೆ ತಾವಿಟ್ಟ ಹೆಸರುಗಳಿಂದಲೇ ಕರೆಯುತ್ತಿದ್ದರು: ಬಾಗಿದ ಕೊಕ್ಕಿನದು ಕುಡುಗೋಲು, ಕಲ್ಲು ಮಗುಚಿ ಹುಳ ಹುಡುಕುವುದು ಕಲ್ಲೆತ್ತುವವ, ಓಡಿ ನಿಲ್ಲುವ ದುಂಡು ತಲೆಯದು ಬೂದಿ ಗೊರವ.

ಎಣಿಸುವ ಬಗೆಯನ್ನೂ ಅವರೇ ಹೇಳಿಕೊಟ್ಟರು. “ಒಂದೊಂದಾಗಿ ಎಣಿಸೋಕೆ ಹೋದ್ರೆ ಹತ್ತರಲ್ಲಿ ಒಂದು ಹಾರುತ್ತೆ, ನಿನ್ನ ಲೆಕ್ಕ ಕೆಡುತ್ತೆ. ಹತ್ತು ಎಣಿಸು. ಆ ಹತ್ತು ಎಷ್ಟು ಜಾಗ ಹಿಡಿಯುತ್ತೆ ಅಂತ ಕಣ್ಣಲ್ಲಿ ಅಳತೆ ಇಟ್ಕೋ. ಆಮೇಲೆ ಆ ಅಳತೆಯನ್ನೇ ಚಾಪೆ ಹಾಸಿದ ಹಾಗೆ ಹಾಸ್ಕೊಂಡು ಹೋಗು.”

ಮೂರನೆಯ ಭಾನುವಾರದ ಹೊತ್ತಿಗೆ ಅವಳಿಗೆ ನಾಲ್ಕು ಜಾತಿ ಕೈಗೆ ಹತ್ತಿದ್ದವು. ಅಷ್ಟೇ ಅಲ್ಲ, ವಾರವಿಡೀ ಮೇಣ ಕೆತ್ತುವಾಗಲೂ ಆ ಓಟ, ಆ ನಿಲುಗಡೆ ಕಣ್ಣಿಗೆ ಕಟ್ಟಿದಂತಿರುತ್ತಿತ್ತು. ದಂತವೈದ್ಯರು, “ಏನಮ್ಮ, ನಿಮ್ಮಷ್ಟಕ್ಕೆ ನೀವೇ ನಗ್ತಿದೀರಿ?” ಎಂದು ಒಂದು ದಿನ ಕೇಳಿಯೂ ಬಿಟ್ಟರು.

ನಾಲ್ಕನೆಯ ಭಾನುವಾರ ಅವಳಿಗೆ ಭಾವ ಹೇಳಿಕೊಡದ ಒಂದು ಸಂಗತಿ ಕಂಡಿತು. ದಕ್ಕೆಗೆ ಹತ್ತಿರವಾಗಿ ಎರಡು ಹಕ್ಕಿ ಮೇಯುತ್ತಿದ್ದವು. ಒಂದೇ ನಡಿಗೆ, ಒಂದೇ ಕೊಕ್ಕು. ಆದರೆ ಒಂದರ ಬೆನ್ನಿನ ಗರಿಗಳ ಅಂಚು ಸವೆದು ಹರಿದು, ಹಳೆಯ ಚಾಪೆಯಂತೆ ಕಾಣುತ್ತಿತ್ತು. ಇನ್ನೊಂದರಲ್ಲಿ ಪ್ರತಿ ಗರಿಗೂ ತೆಳ್ಳಗೆ, ಅಚ್ಚುಕಟ್ಟಾದ ಕೆನೆಬಣ್ಣದ ಅಂಚು.

“ಭಾವ, ಇದು ಹಳೇದು, ಅದು ಹೊಸದು ಅಲ್ವಾ? ಹಲ್ಲು ಸವೆದ ಹಾಗೆ ಸವೆದಿದೆ ಇದರ ಗರಿ.”

ಭಾವ ಅವಳ ಕಡೆ ತಿರುಗಿದರು. “ಇದನ್ನ ಕಾಣೋಕೆ ನನಗೆ ಆರು ವರ್ಷ ಬೇಕಾಯ್ತು,” ಎಂದರು. “ಹೌದು. ಅಂಚು ಚೆನ್ನಾಗಿರೋದು ಈ ವರ್ಷದ ಮರಿ. ದೊಡ್ಡವು ಮೊದಲೇ ಹೊರಟು ಬಂದುಬಿಡ್ತವೆ. ಮರಿಗಳು ತಿಂಗಳು ಬಿಟ್ಟು ಹೊರಡ್ತವೆ. ದಾರಿ ತೋರಿಸೋರು ಯಾರೂ ಇಲ್ಲ. ಸಮುದ್ರ ದಾಟಿ, ಬೆಟ್ಟ ದಾಟಿ, ಸರಿಯಾಗಿ ಈ ಕೆಸರಿಗೇ ಬಂದು ಇಳೀತವೆ.”

“ಯಾರೂ ಹೇಳಿಕೊಡದೇನೇ?”

“ಯಾರೂ ಹೇಳಿಕೊಡದೇನೇ.”

ಅವಳು ಆ ಮರಿಯನ್ನು ಬಹಳ ಹೊತ್ತು ನೋಡಿದಳು. ಅದಕ್ಕೆ ತಾನು ಮಾಡಿದ್ದು ದೊಡ್ಡ ಕೆಲಸವೆಂಬ ಪರಿವೆಯೇ ಇರಲಿಲ್ಲ. ಒಂದು ಹುಳವನ್ನು ಎಳೆಯುವುದರಲ್ಲಿ ಮುಳುಗಿತ್ತು.

“ಮತ್ತೇನು ಕಾಣುತ್ತೆ, ಹೇಳ್ತಾ ಹೋಗು,” ಎಂದರು ಭಾವ. ಅವರು ಯಾವಾಗಲೂ ಹಾಗೇ ಕೇಳುತ್ತಿದ್ದರು. ನೀನೇ ಹೇಳು, ನೀನೇ ನೋಡು. ಮೇಷ್ಟ್ರ ಪಾಠದ ಕ್ರಮ ಇರಬೇಕೆಂದು ಅವಳು ತಿಳಿದಿದ್ದಳು. ಎಣಿಕೆಯ ಪುಸ್ತಕದಲ್ಲಿ ಬರೆಯುವ ಕೆಲಸವೂ ಆ ವೇಳೆಗೆ ಅವಳ ಕೈಗೇ ಬಂದಿತ್ತು. “ನಿನ್ನ ಅಕ್ಷರ ದುಂಡಗಿದೆ” ಎಂದಿದ್ದರು.

ಐದನೆಯ ಭಾನುವಾರ ಆದದ್ದೇ ಬೇರೆ. ಉಬ್ಬರ ಏರುತ್ತಿತ್ತು. ನೀರು ಏರಿದಂತೆಲ್ಲ ಹಕ್ಕಿಗಳು ಹಿಂದೆ ಹಿಂದೆ ಸರಿದು ದಕ್ಕೆಯ ಸಮೀಪಕ್ಕೆ ಬರುತ್ತವೆ. ಎಣಿಕೆಗೆ ಅದೇ ಒಳ್ಳೆಯ ಹೊತ್ತು. ಭಾವ ದುರ್ಬೀನಿಗೆ ಕಣ್ಣಿಟ್ಟು, ಎಡಕ್ಕೆ ನಿಧಾನವಾಗಿ ತಿರುಗಿಸುತ್ತ ಹೇಳಿದರು: “ಬರ್ಕೋ. ಬೂದಿ ಗೊರವ, ಸಾಲಾಗಿ ನಿಂತು ನಿದ್ದೆ ಹೊಡೀತಿವೆ. ಮೂವತ್ತೊಂದು.”

ಅವಳು ಬರೆದಳು. ಬರೆದು, ಅವರು ಚಹಾದ ಫ್ಲಾಸ್ಕು ತೆಗೆಯಲು ಆಚೆ ಸರಿದಾಗ, ನಿದ್ದೆ ಮಾಡುವ ಗೊರವ ಹೇಗಿರುತ್ತದೋ ನೋಡೋಣವೆಂದು ಬಗ್ಗಿದಳು.

ದುರ್ಬೀನಿನಲ್ಲಿ ಗೂಟಗಳಿದ್ದವು. ಮೀನಿನವರು ಆ ವಾರ ಬಲೆ ಕಟ್ಟಲು ಹೊಸದಾಗಿ ನೆಟ್ಟ ಗೂಟಗಳ ಸಾಲು. ತೊಗಟೆ ಕೂಡ ಪೂರ್ತಿ ಹೋಗಿರಲಿಲ್ಲ. ಅವಳು ಕಣ್ಣು ತೆಗೆದು, ಉಜ್ಜಿಕೊಂಡು, ಮತ್ತೆ ನೋಡಿದಳು. ಗೂಟಗಳೇ. ಎಣಿಸಿದಳು. ಮೂವತ್ತೊಂದು.

“ಸಕ್ಕರೆ ಕಮ್ಮಿ ಹಾಕಿದಾಳೆ ನಿಮ್ಮಕ್ಕ,” ಎಂದು ಭಾವ ಹಿಂದಿನಿಂದ ಗೊಣಗಿದರು. ಚಹಾ ಕಪ್ಪಿನೊಳಗೆ ಅರ್ಧ, ಕಾಂಕ್ರೀಟಿನ ಮೇಲೆ ಅರ್ಧ ಬಿದ್ದಿತ್ತು.

ಅವಳು ಮೂವತ್ತೊಂದನ್ನು ಹಾಗೇ ಬಿಟ್ಟು ಪುಸ್ತಕ ಮುಚ್ಚಿದಳು. ಮೆಟ್ಟಿಲು ಇಳಿಯುವಾಗ ಭಾವ ಪ್ರತಿ ಮೆಟ್ಟಿಲನ್ನೂ ಬಲಗಾಲಿನ ತುದಿಯಿಂದ ತಡವಿ ನೋಡುವುದನ್ನು ಮೊದಲ ಸಲ ಗಮನಿಸಿದಳು. ಇಷ್ಟು ವಾರ ಪಕ್ಕದಲ್ಲೇ ನಡೆದಿದ್ದರೂ ತನ್ನ ಕಣ್ಣಿಗೆ ಇದು ಬಿದ್ದಿರಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಆ ವಾರ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಹಾಳೆಯಲ್ಲಿ ತನ್ನ ದುಂಡು ಅಕ್ಷರದಲ್ಲೇ ಕೂತಿದ್ದ ಆ ಮೂವತ್ತೊಂದು ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ ಕಾಡುತ್ತಿತ್ತು. ಕಚ್ಚುವಾಗ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಇಡೀ ಸೆಟ್ಟನ್ನು ಒಡೆದು ಮತ್ತೆ ಮಾಡುವವಳು ಅವಳು. ಅಕ್ಕನಿಗೆ ಹೇಳೋಣವೆಂದುಕೊಂಡಳು. ಹೇಳಿದರೆ ಅಕ್ಕ ಅದೇ ದಿನ ದುರ್ಬೀನನ್ನು ಅಟ್ಟಕ್ಕೆ ಹಾಕುತ್ತಾಳೆ. ಹತ್ತೊಂಬತ್ತು ವರ್ಷದ ಭಾನುವಾರಗಳನ್ನು ಕಿತ್ತುಕೊಂಡರೆ ಆ ಮನುಷ್ಯನಿಗೆ ಉಳಿಯುವುದೇನು? ಹೇಳದೆ ಬಿಟ್ಟರೆ ಗೂಟಗಳು ಹಕ್ಕಿಗಳಾಗಿ ಕಚೇರಿಗೆ ಹೋಗಿ ಕೂರುತ್ತವೆ. ಗುರುವಾರ ದಂತವೈದ್ಯರು ಒಬ್ಬ ಮುದುಕಿಯ ಸೆಟ್ಟನ್ನು ವಾಪಸು ತಂದುಕೊಟ್ಟರು. “ಒಂದು ತಿಂಗಳಿಂದ ಒಸಡು ಹುಣ್ಣಾಗಿದೆ ಕಣಮ್ಮ. ಪ್ರತಿ ಸಲ ಕೇಳಿದಾಗಲೂ ಚೆನ್ನಾಗಿ ಕೂತಿದೆ, ಚೆನ್ನಾಗಿ ಕೂತಿದೆ ಅಂತಿದ್ರು. ಯಾಕಮ್ಮ ಹಾಗಂದ್ರಿ ಅಂದ್ರೆ, ನಿಮಗೆ ಬೇಜಾರಾಗಬಾರದು ಅಂತ ಅಂದ್ರು.” ಅವಳು ಸೆಟ್ಟನ್ನು ಕೈಯಲ್ಲಿ ಹಿಡಿದು, ಒತ್ತುತ್ತಿದ್ದ ಜಾಗವನ್ನು ಹುಡುಕಿ ಉಜ್ಜಿ ತೆಗೆದಳು. ಐದು ನಿಮಿಷದ ಕೆಲಸ.

ಆರನೆಯ ಭಾನುವಾರ ಅವರಿಬ್ಬರೂ ದಕ್ಕೆಯ ತುದಿಯಲ್ಲಿ ಕುಳಿತರು. ನೀರು ಇನ್ನೂ ದೂರವಿತ್ತು. ಭಾವ ದುರ್ಬೀನಿನ ಕಾಲುಗಳನ್ನು ಬಿಡಿಸುತ್ತಿದ್ದರು.

“ಭಾವ, ಹೋದ ವಾರದ ಮೂವತ್ತೊಂದು ಗೊರವ ಅಲ್ಲ. ಗೂಟ.”

ಅವರ ಕೈ ನಿಂತಿತು.

“ಮೀನಿನೋರು ಹೊಸದಾಗಿ ನೆಟ್ಟಿದಾರೆ. ಇವತ್ತೂ ಅಲ್ಲೇ ಇವೆ.”

ಭಾವ ದುರ್ಬೀನಿನ ಮೂರನೆಯ ಕಾಲನ್ನು ಬಿಡಿಸಿ, ತಿರುಪು ಬಿಗಿ ಮಾಡಿ, ಮತ್ತೆ ಸಡಿಲ ಮಾಡಿ, ಮತ್ತೆ ಬಿಗಿ ಮಾಡಿದರು. ರೇಗುತ್ತಾರೆಂದು ಅವಳು ಮೈ ಗಟ್ಟಿ ಮಾಡಿಕೊಂಡು ಕೂತಿದ್ದಳು. ಅವರು ರೇಗಲಿಲ್ಲ. ಕಾಂಕ್ರೀಟಿನ ಮೇಲೆ ಅವಳ ಪಕ್ಕದಲ್ಲೇ ಕುಳಿತರು.

“ನಟ್ಟ ನಡುವೆ ಹೆಬ್ಬೆಟ್ಟು ಒತ್ತಿದ ಹಾಗೆ ಒಂದು ಕಲೆ,” ಎಂದರು. “ಬಲಗಣ್ಣಿಗೆ ಹೋದ ವರ್ಷವೇ ಬಂತು. ಎಡಗಣ್ಣು ಆಗಲೇ ಮಸುಕಾಗಿತ್ತು, ಈ ಬೇಸಿಗೇಲಿ ಅದಕ್ಕೂ ಬಂತು. ಸುತ್ತಲಿರೋದೆಲ್ಲ ಕಾಣುತ್ತೆ. ನೀರು ಕಾಣುತ್ತೆ, ದಡ ಕಾಣುತ್ತೆ. ಸಾಲಾಗಿ ನಿಂತಿದ್ರೆ ಓರೆಗಣ್ಣಲ್ಲಿ ಎಣಿಸಲೂಬಹುದು, ಏನು ಅಂತ ಮಾತ್ರ ತಿಳಿಯಲ್ಲ. ಯಾವುದನ್ನ ನೋಡಬೇಕು ಅಂತ ನೋಡ್ತೀನೋ ಅದು ಮಾತ್ರ ಕಾಣಲ್ಲ.”

“ಡಾಕ್ಟರಿಗೆ ತೋರಿಸಿದ್ರಾ?”

“ಏನು ತೋರಿಸೋದು, ವಯಸ್ಸು.”

“ಹಾಗಾದ್ರೆ ಹೋದ ವರ್ಷದ ಎಣಿಕೆ?”

ಭಾವ ಕೆಸರಿನ ಕಡೆ ನೋಡಿದರು. “ಅರ್ಧ ಕಿವಿಯಿಂದ ಬರೆದೆ. ಅರ್ಧ ರೂಢಿಯಿಂದ. ಈ ವಾರಕ್ಕೆ ಇಷ್ಟು ಬರ್ತವೆ ಅಂತ ಒಂದು ಅಂದಾಜು ಇರುತ್ತಲ್ಲ, ಹದಿನೇಳು ವರ್ಷದ್ದು. ಬೇಕು ಅಂತ ಮೋಸ ಮಾಡಲಿಲ್ಲ ಹಲ್ಲಮ್ಮ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ಮುಂದೆ ಹಾಕಿದೆ. ಹೇಳಿದ್ರೆ ಈ ದಕ್ಕೆ ಎಣಿಕೆ ನಿಂತೇಹೋಗುತ್ತೆ. ಬಸ್ಸಿನ ಕೊನೆ ಸ್ಟಾಪಿಗೆ ಭಾನುವಾರ ಬೆಳಿಗ್ಗೆ ಯಾರು ಬರ್ತಾರೆ?”

“ನಾನು ಬಂದಿದೀನಲ್ಲ.”

“ನೀನು ನಿಮ್ಮಕ್ಕನಿಗೋಸ್ಕರ ಬಂದವಳು.”

“ಮೊದಲ ವಾರ ಅವಳಿಗೋಸ್ಕರ,” ಎಂದಳು ತಂಗಿ. “ಆಮೇಲೆ ಯಾರಿಗೋಸ್ಕರವೂ ಅಲ್ಲ.”

ಹೇಳಿದ ಮೇಲೇ ಅದು ನಿಜವೆಂದು ಅವಳಿಗೂ ತಿಳಿದದ್ದು.

ಆ ಹೊತ್ತಿಗೆ ನೀರು ಏರತೊಡಗಿತ್ತು. ದೂರದಿಂದ ಒಂದು ಗುಂಪು ಎದ್ದು, ಗಾಳಿಯಲ್ಲಿ ಒಂದು ಸಲ ಬೆಳ್ಳಗೆ ಹೊಳೆದು, ಮಗ್ಗುಲು ತಿರುಗಿದಾಗ ಬೂದಿಯಾಗಿ, ದಕ್ಕೆಯ ಕಡೆಗೇ ಬಂತು. ಅದರೊಂದಿಗೆ ಕೂಗೂ ಬಂತು. ಮೂರು ಸ್ವರ, ನಡುವಿನದು ತಗ್ಗಿ, ಯಾರೋ ಬೇಸರದಲ್ಲಿ ಸಿಳ್ಳೆ ಹಾಕಿದ ಹಾಗೆ.

“ಇವು ಗೂಟ ಅಲ್ಲ,” ಎಂದರು ಭಾವ, ಮುಖ ಅರಳಿಸಿಕೊಂಡು. “ಬೂದಿ ಗೊರವ. ರೆಕ್ಕೆ ಎತ್ತಿದಾಗ ಕಂಕುಳು ನೋಡು ಬೇಗ!”

ಅವಳು ದುರ್ಬೀನಿನ ಗೊಡವೆಗೆ ಹೋಗಲಿಲ್ಲ. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ಹಕ್ಕಿಗಳು ತಲೆಯ ಮೇಲೇ ಹಾದವು. ಬಿಳಿಯ ಕೆಳರೆಕ್ಕೆ, ಅದು ಮೈಗೆ ಕೂಡುವಲ್ಲಿ ಮಸಿ ಬಳಿದಂಥ ಒಂದೊಂದು ಕಪ್ಪು ಮಚ್ಚೆ.

“ಕಪ್ಪು! ಎಲ್ಲದಕ್ಕೂ ಇದೆ ಭಾವ!”

“ಎಲ್ಲದಕ್ಕೂ ಇಲ್ಲ,” ಎಂದರು ಅವರು, ಕಿವಿ ನಿಮಿರಿಸಿ. “ಒಂದು ಬೇರೆ ಮಾತಾಡ್ತಿದೆ. ಕೇಳು, ಎರಡೇ ಸ್ವರ. ಅದು ಹೊನ್ನ ಗೊರವ. ಈ ಗುಂಪಲ್ಲೆಲ್ಲೋ ಸೇರ್ಕೊಂಡಿದೆ. ಹುಡುಕು.”

ಅವಳಿಗೆ ಯಾವ ಎರಡು ಸ್ವರವೂ ಕೇಳಿಸಿರಲಿಲ್ಲ. ಗುಂಪು ಕೆಸರಿನ ಉಳಿದ ತುಂಡಿನ ಮೇಲೆ ಇಳಿಯಿತು. ಹತ್ತು ಎಣಿಸಿದಳು, ಅಳತೆ ಇಟ್ಟುಕೊಂಡಳು, ಹಾಸಿಕೊಂಡು ಹೋದಳು. ನಲವತ್ತೆರಡು. ಮತ್ತೆ ಒಂದು ಕಡೆಯಿಂದ ಒಂದೊಂದನ್ನೇ ನೋಡತೊಡಗಿದಳು. ಮರಿಗಳ ಬೆನ್ನ ಮೇಲೆಲ್ಲ ಹಳದಿ ಛಾಯೆ ಇದ್ದುದರಿಂದ ಮೂರು ಸಲ ಮೋಸ ಹೋದಳು. ಹದಿನಾರು ಬಿಳಿಗಳನ್ನು ಬಲ್ಲವಳೆಂಬ ಜಂಬ ಅಲ್ಲಿಗೆ ಇಳಿಯಿತು. ಅರ್ಧ ಗಂಟೆ ಕಳೆಯಿತು, ಕುತ್ತಿಗೆ ನೋಯಹತ್ತಿತು. ಕೊನೆಗೆ, ಬಲತುದಿಯಲ್ಲಿ, ಮಿಕ್ಕವಕ್ಕಿಂತ ತೆಳು ಕೊಕ್ಕಿನ, ಸಣ್ಣ ಮೈಯ ಒಂದು ಹಕ್ಕಿ ಎರಡೂ ರೆಕ್ಕೆಗಳನ್ನು ಮೇಲೆತ್ತಿ ಮೈಮುರಿಯಿತು. ಕಂಕುಳಲ್ಲಿ ಕಪ್ಪಿರಲಿಲ್ಲ. ಬರೀ ಬೂದು.

“ಸಿಕ್ತು,” ಎಂದಳು.

“ಎಲ್ಲಿ?” ಎಂದು ಭಾವ ಎದ್ದುನಿಂತರು, ಕಾಣುವವರ ಹಾಗೆ. ಆಮೇಲೆ ನಕ್ಕು ಮತ್ತೆ ಕುಳಿತರು. “ಹೇಗಿದೆ ಹೇಳು.”

ಅವಳು ಹೇಳುತ್ತ ಹೋದಳು. ಬೆನ್ನ ಮೇಲಿನ ಒಂದೊಂದು ಚುಕ್ಕೆಯನ್ನೂ ಬಿಡಲಿಲ್ಲ. ಅವರು ಕಣ್ಣು ಮುಚ್ಚಿ ಕೇಳಿದರು.

ಅಕ್ಕನಿಗೆ ತಾವೇ ಹೇಳುತ್ತೇನೆಂದು ಭಾವ ಬಸ್ಸಿನಲ್ಲಿ ಪಣ ತೊಟ್ಟರು. ಮನೆ ಹತ್ತಿರ ಬಂದಂತೆ, “ನೀನೂ ಒಳಗೆ ಬಾ” ಎಂದರು. ಅಕ್ಕ ಅಡುಗೆಮನೆಯಲ್ಲಿ ಪಾತ್ರೆ ಒರೆಸಿ ಇಡುತ್ತಿದ್ದಳು. ಭಾವ ಬಾಗಿಲಲ್ಲಿ ನಿಂತು, ಎರಡು ಸಲ ಕೆಮ್ಮಿ, ಒಂದೇ ಉಸಿರಿಗೆ ಹೇಳಿ ಮುಗಿಸಿದರು.

ಅಕ್ಕ ಒರೆಸುವುದನ್ನು ನಿಲ್ಲಿಸಲಿಲ್ಲ.

“ನೀವು ಕಪ್ಪಿನ ಪಕ್ಕ ಚಹಾ ಬಗ್ಗಿಸೋಕೆ ಶುರು ಮಾಡಿ ಎಂಟು ತಿಂಗಳಾಯ್ತು,” ಎಂದಳು. “ಅದನ್ನೆಲ್ಲ ಯಾರು ಒರೆಸ್ತಿದ್ರು ಅಂದ್ಕೊಂಡಿದ್ರಿ?”

“ನಿನಗೆ ಗೊತ್ತಿತ್ತಾ?”

“ಕಣ್ಣು ಕಾಣದೇ ಇರೋದು ನಿಮಗೆ. ನನಗಲ್ಲ.” ಇಷ್ಟು ಹೇಳಿ ಅವಳು ಬೆನ್ನು ತಿರುಗಿಸಿ ಇನ್ನೊಂದು ಪಾತ್ರೆ ಎತ್ತಿಕೊಂಡಳು. ಆಮೇಲೆ ತಂಗಿಯ ಕಡೆ ನೋಡದೆಯೇ, “ನನ್ನ ಹತ್ರ ಹೇಳ್ತಾರೇನೋ ಅಂತ ಕಾದೆ ಕಣೇ. ನಾನು ಕೇಳಿದ್ರೆ ಜಗಳ ಆಗ್ತಿತ್ತು. ನೀನಾದ್ರೆ ಎಲ್ಲೋ ಒಂದು ಕಡೆ ಸೊಟ್ಟ ಕಂಡ್ರೆ ಬಿಡೋಳಲ್ಲ ಅಂತ ಕಳಿಸಿದೆ,” ಎಂದಳು.

ಭಾವ ಗೋಡೆ ಹಿಡಿದು ನಿಂತೇ ಇದ್ದರು. ಅಕ್ಕ ಕೈ ಒರೆಸಿಕೊಂಡು ಹೋಗಿ ಅವರ ಅಂಗಿಯ ಮೇಲಿದ್ದ ಕೆಸರಿನ ಚೂರನ್ನು ಉಗುರಿನಿಂದ ಕೆರೆದು ತೆಗೆದಳು. “ನಾಳೆ ಕಣ್ಣಿನ ಡಾಕ್ಟರು. ಒಂಬತ್ತು ಗಂಟೆಗೆ. ಚೀಟಿ ಬರೆಸಿ ಆಗಿದೆ,” ಎಂದಳು.

ಕಣ್ಣಿನ ಡಾಕ್ಟರು ಬಲಗಣ್ಣಿನ ಬಗ್ಗೆ ತಲೆಯಾಡಿಸಿದರು. ಎಡಗಣ್ಣಿಗೆ ತಿಂಗಳಿಗೊಂದು ಇಂಜೆಕ್ಷನ್ ಕೊಟ್ಟು, ಇದ್ದಷ್ಟನ್ನು ಉಳಿಸಿಕೊಳ್ಳಬಹುದು ಎಂದರು. ಕಣ್ಣಿಗೆ ಸೂಜಿ ಎಂದಾಗ ಭಾವನ ಜೀವ ಬಾಯಿಗೆ ಬಂದಿತ್ತೆಂದೂ, ಆಮೇಲೆ ಇಷ್ಟೇನಾ ಎಂದರೆಂದೂ ಅಕ್ಕ ಬೀದಿಗೆಲ್ಲ ಹೇಳಿದಳು.

ಎಣಿಕೆಯ ಕಚೇರಿ ಒಂದು ಅಂಚೆ ಕಚೇರಿಯ ಮೇಲಿನ ಎರಡು ಕೋಣೆಗಳಲ್ಲಿತ್ತು. ಬುಧವಾರ ತಂಗಿ ಅರ್ಧ ದಿನ ರಜೆ ಹಾಕಿ ಭಾವನ ಜೊತೆ ಹೋದಳು. ಅಲ್ಲಿದ್ದ ಮೇಡಂಗೆ ಮೂವತ್ತರ ಸುಮಾರು. ಮೇಜಿನ ತುಂಬ ಹಾಳೆ, ಕಿಟಕಿಯಲ್ಲಿ ಒಣಗಿದ ಗಿಡ. ಭಾವ ಹೋದ ವರ್ಷದ್ದೂ ಈ ವರ್ಷದ್ದೂ ಪುಸ್ತಕಗಳನ್ನು ಮೇಜಿನ ಮೇಲಿಟ್ಟು, ಇದನ್ನೆಲ್ಲ ತೆಗೆದುಹಾಕಿ ಎಂದರು. ಕಾರಣವನ್ನೂ ಹೇಳಿದರು. ಹೇಳುವಾಗ ಮೊಣಕಾಲ ಮೇಲಿದ್ದ ಅವರ ಕೈ ಪ್ಯಾಂಟಿನ ನೆರಿಗೆಯನ್ನು ಹಿಡಿದುಕೊಂಡಿತ್ತು.

ಮೇಡಂ ಗದರಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಪುಟ ತಿರುವಿ ನೋಡಿದರು. “ಒಂದು ವರ್ಷ ಖಾಲಿ ಬಿಟ್ರೆ ತೊಂದ್ರೆ ಇಲ್ಲ ಸರ್. ತಪ್ಪು ತುಂಬಿಕೊಂಡಿದ್ರೆ ತೊಂದ್ರೆ,” ಎಂದರು. “ನೀವು ಬಂದು ಹೇಳದೇ ಇದ್ದಿದ್ರೆ ಉಳಿದ ಹದಿನೇಳು ವರ್ಷದ್ದನ್ನೂ ನಾವು ಅನುಮಾನದಿಂದ ನೋಡ್ಬೇಕಾಗ್ತಿತ್ತು. ಈಗ ಅವು ಗಟ್ಟಿ.” ಆಮೇಲೆ ತಂಗಿಯ ಕಡೆ ತಿರುಗಿದರು. “ಇವರು?”

“ಕಣ್ಣು,” ಎಂದರು ಭಾವ.

ಮೇಡಂ ಇಪ್ಪತ್ತು ಚಿತ್ರಗಳ ಒಂದು ಕಟ್ಟನ್ನು ಅವಳ ಮುಂದಿಟ್ಟರು. ನಲವತ್ತೇಳನೆಯ ವಯಸ್ಸಿನಲ್ಲಿ ಪರೀಕ್ಷೆ ಬರೆಯಬೇಕಾಗುತ್ತದೆಂದು ಅವಳು ಎಣಿಸಿರಲಿಲ್ಲ. ಹದಿನಾಲ್ಕು ಸರಿ ಹೇಳಿದಳು, ಆರು ತಪ್ಪು. ತಪ್ಪಿದ ಪ್ರತಿ ಚಿತ್ರಕ್ಕೂ ಭಾವ, “ಚಿತ್ರಕ್ಕೆ ನಡಿಗೆ ಎಲ್ಲಿಂದ ಬರಬೇಕು? ಕೂಗು ಎಲ್ಲಿಂದ ಬರಬೇಕು?” ಎಂದು ಅವಳ ಪರ ವಾದಿಸಿದರು. ಮೇಡಂ ನಗು ತಡೆದುಕೊಂಡು, ಹಾಳೆಯ ಮೇಲೆ ‘ಕಲಿಯುತ್ತಿರುವವರು’ ಎಂದು ಬರೆದು, ಪಕ್ಕದಲ್ಲಿ ಭಾವನ ಹೆಸರನ್ನೂ ಉಳಿಸಿದರು. ಮುಂದಿನ ಎರಡು ವಾರ ತಾವೂ ದಕ್ಕೆಗೆ ಬಂದು ಜೊತೆಯಲ್ಲಿ ಎಣಿಸಿ ನೋಡುವುದಾಗಿ ಹೇಳಿದರು. ಹೇಳಿದಂತೆ ಬಂದರು. ಮೊದಲ ವಾರ ತಂಗಿಯ ಎಣಿಕೆ ಮೇಡಂ ಎಣಿಕೆಗಿಂತ ಇಪ್ಪತ್ತು ಕಮ್ಮಿ ಬಂತು, ಎರಡನೆಯ ವಾರ ಮೂರು ಹೆಚ್ಚು. ಅದು ನಡೆಯುತ್ತದೆ ಎಂದರು ಮೇಡಂ.

ಹತ್ತನೆಯ ಭಾನುವಾರ ಮತ್ತೆ ಇಬ್ಬರೇ. ಚಳಿ ಬಲಿತಿತ್ತು, ಗಾಳಿ ಬಡಗಣದಿಂದ ಬೀಸುತ್ತಿತ್ತು. ಹಕ್ಕಿಗಳ ದೊಡ್ಡ ಗುಂಪುಗಳೆಲ್ಲ ದಕ್ಷಿಣಕ್ಕೆ ದಾಟಿ, ಬಯಲಲ್ಲಿ ಉಳಿದವು ಕೆಲವೇ. ಓಡುಗಾಲಿ ಹದಿನೆಂಟು, ಕುಡುಗೋಲು ನಾಲ್ಕು, ಕಲ್ಲೆತ್ತುವವ ಆರು. ಭಾವ ಕೂಗು ಕೇಳಿ ಹೆಸರು ಹೇಳುವುದು, ಅವಳು ಹುಡುಕಿ ಎಣಿಸುವುದು. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಎತ್ತಿಕೊಳ್ಳುವಷ್ಟು ಅದು ರೂಢಿಯಾಗಿತ್ತು.

ಹೊರಡುವ ಮುಂಚೆ ನೀರಿನಂಚಿನಲ್ಲಿ ಒಂದು ಸಣ್ಣ ಹಕ್ಕಿ ಒಬ್ಬಂಟಿಯಾಗಿ ಇಳಿಯಿತು. ಅಚ್ಚುಕಟ್ಟಾದ ಗರಿಯಂಚು, ಈ ವರ್ಷದ ಮರಿ. ಕೊಕ್ಕು ತುದಿಯಲ್ಲಿ ತುಸುವೇ ಬಾಗಿದೆಯೋ ಇಲ್ಲವೋ ತಿಳಿಯದು. ಅವಳು ನೋಡಿದಳು, ಬಾಯಲ್ಲಿ ವರ್ಣಿಸಿದಳು, ಹಕ್ಕಿಗಳ ಪುಸ್ತಕ ತಿರುವಿದಳು.

“ಕೂಗಿದ್ರೆ ಹೇಳ್ತಿದ್ದೆ,” ಎಂದರು ಭಾವ. “ಬಾಯಿ ಬಿಡ್ತಿಲ್ಲ. ನೀನು ಹೇಳೋದು ಕೇಳಿದ್ರೆ ಬಿಳಿ ಸೊಂಟದ ಗೊರವ ಅನ್ಸುತ್ತೆ. ಹಾಗೇ ಬರ್ಕೋ.”

“ಸೊಂಟ ಕಾಣಲಿಲ್ಲ ಭಾವ. ಹಾರಿದ್ರೆ ತಾನೇ ಕಾಣೋದು.”

“ನೂರಕ್ಕೆ ತೊಂಬತ್ತು ಪಾಲು ಅದೇ.”

“ಉಳಿದ ಹತ್ತು ಪಾಲು?”

ಭಾವ ಏನೋ ಗೊಣಗಿದರು. ಇಬ್ಬರೂ ಕಾಲು ಗಂಟೆ ಕಾದರು. ಹಕ್ಕಿ ಹಾರಲಿಲ್ಲ, ರೆಕ್ಕೆ ಮಡಚಿಕೊಂಡು, ಗಾಳಿಗೆ ಎದುರಾಗಿ ಮೇಯುತ್ತ, ಏರುವ ನೀರಿನೊಂದಿಗೆ ಒಂದೊಂದೇ ಹೆಜ್ಜೆ ಹಿಂದೆ ಬರುತ್ತಿತ್ತು. ಬಸ್ಸಿನ ಹೊತ್ತಾಯಿತು. ಅವಳು ಹಾಳೆಯ ಕಟ್ಟಕಡೆಯ ಸಾಲಿನಲ್ಲಿ, ಗುರುತು ಸಿಗದವು ಎಂಬಲ್ಲಿ, ಒಂದು ಎಂದು ಬರೆದು ಪೆನ್ನು ಮುಚ್ಚಿದಳು.